ಸಾರಿ, ಏನಂದ್ರಿ?

ಟೊರಾಂಟೊ ಎಂಬ ಹೆಸರನ್ನು ಒಂದಕ್ಷರವೂ ಬಿಡದೆ ಸ್ಪಷ್ಟವಾಗಿ ಉಚ್ಚರಿಸುವವನು ಟೊರಾಂಟೊದವನಲ್ಲ ಎಂದು ಕಣ್ಣು ಮುಚ್ಚಿ ಹೇಳಬಹುದು. ಇಲ್ಲೇ ಹುಟ್ಟಿ ಬೆಳೆದವರು ಎರಡನೆಯ ‘ಟ’ಕಾರವನ್ನು ನುಂಗಿ ‘ಟ್ರಾನೋ’ ಅನ್ನುತ್ತಾರೆ. ಪಶ್ಚಿಮಕ್ಕಿರುವ ಎಟೋಬಿಕೋಕ್ ಎಂಬಲ್ಲಿ ಕೊನೆಯ ‘ಕ್’ ಇರುವುದು ಬರೆಯುವುದಕ್ಕೆ ಮಾತ್ರ. ಬಾಯಲ್ಲಿ ಅದು ‘ಎಟೋಬಿಕೋ’. ಊರಿನ ನಡುವೆ ಹಾದುಹೋಗುವ ದೊಡ್ಡ ಬೀದಿಯ ಫಲಕವನ್ನು ಹೊಸಬರು ‘ಯೋಂಗೆ’ ಎಂದು ಓದಿಕೊಳ್ಳುತ್ತಾರೆ, ಊರವರು ‘ಯಂಗ್’ ಎಂದು ತಿದ್ದುತ್ತಾರೆ. ಮಿಸಿಸಾಗಾ ಬರೆಯಲು ನಾಲ್ಕು ಎಸ್ ಬೇಕು, ಅಲ್ಲಿ ಬಾಡಿಗೆ ಮನೆ ಹಿಡಿದವನಿಗೂ ವಿಳಾಸ ಬರೆಯುವಾಗ ಒಂದು ಎಸ್ ಕೈಕೊಡುತ್ತದೆ. ಹೀಗೆ ಬರೆದದ್ದನ್ನು ಹೇಳದ, ಹೇಳಿದ್ದನ್ನು ಬರೆಯದ ಈ ಊರಿನಲ್ಲಿ ನಮ್ಮಂಥವರ ಉಚ್ಚಾರ ತಿದ್ದುವುದಕ್ಕೆ ದುಡ್ಡು ತೆಗೆದುಕೊಂಡು ಕ್ಲಾಸು ನಡೆಸುತ್ತಾರೆ.

ನಮ್ಮ ನಾಲಗೆಯ ಕಷ್ಟ ಏನೆಂದರೆ ಅದಕ್ಕೆ ನುಂಗುವುದು ಗೊತ್ತಿಲ್ಲ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರದ್ದೇ ಮಾತ್ರೆ ಉಂಟು. ಲಘು ಬಂದರೆ ಒಂದು, ಗುರು ಬಂದರೆ ಎರಡು. ಎಲ್ಲರಿಗೂ ಪಾಲು ಸಿಗಲೇಬೇಕು. ಇಂಗ್ಲಿಷಿನಲ್ಲಿ ಹಾಗಲ್ಲ. ಒಂದು ಪದದಲ್ಲಿ ಒಬ್ಬ ಯಜಮಾನ, ಅವನ ಮೇಲೆ ಜೋರು ಒತ್ತು, ಉಳಿದವರೆಲ್ಲ ಸಂದಿಯಲ್ಲಿ ನಿಂತು ಗೊಣಗಿಕೊಳ್ಳಬೇಕು. ನಾವು ‘ವೆ-ಜಿ-ಟೇ-ಬಲ್’ ಎಂದು ನಾಲ್ವರನ್ನೂ ಸಾಲಾಗಿ ಕೂರಿಸಿ ಬಡಿಸುತ್ತೇವೆ. ಇಲ್ಲಿಯವರು ‘ವೆಜ್‌ಟಬಲ್’ ಎಂದು ಒಬ್ಬನನ್ನು ಪಂಕ್ತಿಯಿಂದಲೇ ಎಬ್ಬಿಸಿಬಿಟ್ಟಿರುತ್ತಾರೆ. ಸಾಲದ್ದಕ್ಕೆ ನಮಗಿರುವುದು ಒಂದೇ ಒಂದು ‘ವ’. ವೆಸ್ಟ್ ಎಂದರೆ ಪಶ್ಚಿಮವೋ ಒಳಗೆ ತೊಡುವ ಬನಿಯನ್ನೋ ಎಂಬುದನ್ನು ಕೇಳುವವರು ಸಂದರ್ಭ ನೋಡಿ ತಿಳಿಯಬೇಕು. ಗೋ ಟ್ರೇನಿನಲ್ಲಿ ‘ಲೇಕ್‌ಶೋರ್ ವೆಸ್ಟ್’ ಎಂದು ಟಿಕೆಟ್ ಕೇಳಿದವನಿಗೆ ಬನಿಯನ್ ಕೊಟ್ಟ ದಾಖಲೆ ಇಲ್ಲವಾದ್ದರಿಂದ ಸಂದರ್ಭ ಸಾಕಾಗುತ್ತದೆ ಎಂದೇ ನನ್ನ ಅಭಿಪ್ರಾಯ.

ಫೋನಿನಲ್ಲಿ ಮಾತ್ರ ಸಾಕಾಗುವುದಿಲ್ಲ. ಹೆಸರು ಬಿಡಿಸಿ ಹೇಳಿ ಅನ್ನುತ್ತಾರೆ. ವಿಕ್ಟರಿನ ವಿ, ವಿಲಿಯಮ್ಮಿನ ಡಬ್ಲ್ಯು ಎಂದು ಹೇಳುವ ಪದ್ಧತಿ. ದಾವಣಗೆರೆ ಕಡೆಯ ನನ್ನ ಗೆಳೆಯರೊಬ್ಬರು ಆ ಹೊತ್ತಿಗೆ ವಿಕ್ಟರ್ ನೆನಪಾಗದೆ ‘ವಿ ಫಾರ್ ವಿಜಯಪುರ’ ಅಂದುಬಿಟ್ಟರು. ಆ ಕಡೆಯ ಹೆಣ್ಣುಮಗಳು ಪಾಪ, ಮೊದಲು ವಿಜಯಪುರವನ್ನು ಬಿಡಿಸಿ ಹೇಳಿ ಎಂದಳಂತೆ. ಕೊನೆಗೂ ಕರೆಂಟು ಬಿಲ್ಲು ಬರುವುದು ಅವರ ಹೆಸರನ್ನು ಸ್ವಲ್ಪ ಹೋಲುವ ಯಾರದೋ ಹೆಸರಿಗೆ. ದುಡ್ಡು ಮಾತ್ರ ಇವರೇ ಕಟ್ಟುತ್ತಾರೆ. ನಮ್ಮ ಪುಣ್ಯಕ್ಕೆ ಇಂಗ್ಲಿಷಿನ ಕೊನೆಯ ಅಕ್ಷರವನ್ನು ಕೆನಡಾದವರು ನಮ್ಮ ಹಾಗೆ ‘ಝೆಡ್’ ಅನ್ನುತ್ತಾರೆ, ಅಮೆರಿಕದವರ ಹಾಗೆ ‘ಝೀ’ ಅನ್ನುವುದಿಲ್ಲ. ಇಪ್ಪತ್ತಾರರಲ್ಲಿ ಒಂದು ಗೆದ್ದಂತಾಯಿತು.

ಆಫೀಸಿನ ವಿಷಯಕ್ಕೆ ಬರೋಣ. ಮೀಟಿಂಗಿನಲ್ಲಿ ನಾವು ಬಾಯಿ ತೆರೆದಾಗ ಎದುರಿನವರ ಹುಬ್ಬು ಒಂದು ಗುಂಜಿಯಷ್ಟು ಮೇಲೇರಿ, ತಲೆ ತುಸು ವಾಲಿ, ‘ಸಾರಿ?’ ಎಂಬ ಮಾತು ಬರುತ್ತದೆ. ಇದು ಕ್ಷಮೆಯಲ್ಲ; ‘ಏನಂದಿರಿ, ಇನ್ನೊಮ್ಮೆ ಹೇಳಿ’ ಎಂಬುದರ ಸಂಕ್ಷೇಪ. ಕೆನಡಾದವರ ಸಾರಿ ಎಷ್ಟು ಅಗ್ಗವೆಂದರೆ, ಕಾಲು ತುಳಿಸಿಕೊಂಡವರೇ ತುಳಿದವರಿಗೆ ಸಾರಿ ಹೇಳುತ್ತಾರೆ. ಟೊರಾಂಟೊ ಇರುವ ಆಂಟೇರಿಯೊ ಪ್ರಾಂತ್ಯ 2009ರಲ್ಲಿ ಕ್ಷಮಾಯಾಚನೆಗೆಂದೇ ಒಂದು ಕಾನೂನು ಮಾಡಿತು: ಯಾರಾದರೂ ಸಾರಿ ಅಂದರೆ ಅದನ್ನು ತಪ್ಪೊಪ್ಪಿಗೆ ಎಂದು ಸಿವಿಲ್ ಕೋರ್ಟಿನಲ್ಲಿ ಎತ್ತಿ ಹಿಡಿಯುವಂತಿಲ್ಲ. ಹಾಗಾಗಿ ಆಫೀಸಿನ ಸಾರಿಯಲ್ಲಿ ತಪ್ಪು ಯಾರದೆಂದು ಕಾನೂನಿನ ಪ್ರಕಾರವೂ ತೀರ್ಮಾನವಾಗುವುದಿಲ್ಲ. ಆದರೆ ಅನುಭವದಲ್ಲಿ ತೀರ್ಮಾನವಾಗಿರುತ್ತದೆ. ಮೂರನೆಯ ಸಾರಿಯ ಹೊತ್ತಿಗೆ ನಾವು ಹೇಳಬೇಕೆಂದಿದ್ದ ಒಳ್ಳೆಯ ವಿಚಾರವನ್ನು ಅರ್ಧಕ್ಕೆ ಕತ್ತರಿಸಿ, ‘ಪರವಾಗಿಲ್ಲ, ಈಮೇಲ್ ಮಾಡ್ತೀನಿ’ ಎಂದು ಕೂತುಬಿಡುತ್ತೇವೆ. ಹತ್ತು ನಿಮಿಷದ ಮೇಲೆ ಅದೇ ವಿಚಾರವನ್ನು ಪಕ್ಕದ ಕುರ್ಚಿಯವನು ಸರಾಗವಾಗಿ ಹೇಳಿ ಶಹಭಾಸ್ ಗಿಟ್ಟಿಸುತ್ತಾನೆ. ವರ್ಷದ ಕೊನೆಗೆ ಬರುವ ವರದಿಯಲ್ಲಿ ಒಂದು ಸಾಲು: ‘ಕೆಲಸ ಚೆನ್ನಾಗಿದೆ, ಕಮ್ಯುನಿಕೇಶನ್ ಸುಧಾರಿಸಬೇಕು.’

ಕಮ್ಯುನಿಕೇಶನ್ ಎಂಬ ಈ ಮಾತು ಬಹಳ ಅನುಕೂಲದ್ದು. ಬಣ್ಣ ನೋಡಿ ಬೇಡ ಅಂದರೆ ಕೇಸು ಬೀಳುತ್ತದೆ, ಊರು ಕೇಳಿ ಬೇಡ ಅಂದರೂ ಬೀಳುತ್ತದೆ. ಆಂಟೇರಿಯೊದ ಮಾನವ ಹಕ್ಕುಗಳ ಸಂಹಿತೆಯ ಪಟ್ಟಿಯಲ್ಲಿ ಜನಾಂಗ, ವಂಶ, ಹುಟ್ಟಿದ ಊರು ಎಲ್ಲ ಇವೆ, ಭಾಷೆ ಎಂಬ ಪದ ಮಾತ್ರ ಇಲ್ಲ. ಆ ಸಂದಿಯನ್ನು ಮುಚ್ಚಲೆಂದು ಪ್ರಾಂತ್ಯದ ಮಾನವ ಹಕ್ಕುಗಳ ಆಯೋಗ 1996ರಲ್ಲೇ ಒಂದು ನೀತಿ ಹೊರಡಿಸಿತು. ಮಾತಿನ ಧಾಟಿ ಹುಟ್ಟಿದ ಊರಿಗೂ ವಂಶಕ್ಕೂ ಅಂಟಿಕೊಂಡೇ ಇರುತ್ತದಾದ್ದರಿಂದ ಧಾಟಿಯ ನೆಪದಲ್ಲಿ ಕೆಲಸ ನಿರಾಕರಿಸುವುದು ಅವುಗಳ ನೆಪದಲ್ಲಿ ನಿರಾಕರಿಸಿದಂತೆಯೇ ಆಗಬಹುದು ಎಂಬುದು ಅದರ ತಿರುಳು. ಕೆಲಸಕ್ಕೆ ನಿಜವಾಗಿ ಬೇಕಿದ್ದಷ್ಟು ಭಾಷೆಯನ್ನು ಕೇಳಲು ಅಡ್ಡಿಯಿಲ್ಲ. ‘ನಿಜವಾಗಿ’ ಎಂಬಲ್ಲೇ ಜಗಳ. 2013ರಲ್ಲಿ ಅದೇ ಆಯೋಗ ‘ಕೆನಡಾದ ಅನುಭವ ಬೇಕು’ ಎಂಬ ಷರತ್ತನ್ನೂ ಮೇಲುನೋಟಕ್ಕೆ ಭೇದಭಾವವೇ ಎಂದು ಹೇಳಿತು. ಜಾಹೀರಾತಿನಲ್ಲಿ ಅದನ್ನು ಬರೆಯಬಾರದೆಂಬ ಕಾನೂನು 2026ರ ಜನವರಿ 1ರಿಂದ ಜಾರಿಗೆ ಬಂತು, ಅದೂ 25 ಮಂದಿಗಿಂತ ಕಡಿಮೆ ಇರುವ ಕಡೆಗೆ ಅನ್ವಯಿಸದಂತೆ. ಬರೆಯಬಾರದು ಅಂದರೇನು, ಮನಸ್ಸಿನಲ್ಲಿಟ್ಟುಕೊಳ್ಳಬಹುದಲ್ಲ.

ಆ ಮನಸ್ಸಿನೊಳಗೆ ಇಣುಕಿ ನೋಡಿದವರು ಟೊರಾಂಟೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಫಿಲಿಪ್ ಒರಿಯೊಪೌಲೋಸ್. ಟೊರಾಂಟೊ ಸುತ್ತಮುತ್ತಲ ಕಂಪನಿಗಳಿಗೆ ಅವರು ಸಾವಿರಾರು ಕಲ್ಪಿತ ಅರ್ಜಿಗಳನ್ನು ಕಳಿಸಿದರು. ಒಂದಷ್ಟರಲ್ಲಿ ಓದು ಒಂದೇ, ಅನುಭವ ಒಂದೇ, ಹೆಸರು ಮಾತ್ರ ಬೇರೆ. ಇಂಗ್ಲಿಷ್ ಹೆಸರಿನವರಿಗೆ ಚೀನೀ, ಭಾರತೀಯ, ಪಾಕಿಸ್ತಾನಿ ಹೆಸರಿನವರಿಗಿಂತ ಶೇಕಡಾ 40ರಷ್ಟು ಹೆಚ್ಚು ಸಲ ಸಂದರ್ಶನದ ಕರೆ ಬಂತು. ಹೊರದೇಶದ ಅನುಭವ ತೋರಿಸಿದ ಅರ್ಜಿಗಳಲ್ಲಿ ಇಂಗ್ಲೆಂಡಿನಿಂದ ಬಂದ ಹೊಸಬರಿಗೆ ಮಾತ್ರ ಏನೂ ನಷ್ಟವಾಗಲಿಲ್ಲ. ಅವರಿಗೆ ಕೆನಡಾದ ಅನುಭವ ಇಲ್ಲದಿರುವುದನ್ನು ಯಾರೂ ಗಮನಿಸಲಿಲ್ಲ. ಆಮೇಲೆ ನೇಮಕಾತಿಯವರನ್ನೇ ಕೇಳಿದಾಗ ಅವರು ಕೊಟ್ಟ ಕಾರಣ ಭಾಷೆ: ಇಂಥ ಹೆಸರಿನವರಿಗೆ ಇಂಗ್ಲಿಷ್ ಕಷ್ಟವಾಗಬಹುದು. ಇದನ್ನು ಓದಿ ನನಗೆ ನಿಜವಾಗಿ ಬೆರಗಾಯಿತು. ಅರ್ಜಿ ಎಂದರೆ ಕಾಗದ. ಕಾಗದ ಮಾತಾಡುವುದಿಲ್ಲ. ಆದರೂ ಅದರಿಂದ ಧಾಟಿ ಕೇಳಿಸಿತಲ್ಲ!

ಕಾಗದದಿಂದ ಕೇಳಿಸಿಕೊಳ್ಳುವ ಕಿವಿ ಫೋಟೋದಿಂದ ಕೇಳಿಸಿಕೊಳ್ಳದೆ ಬಿಡುತ್ತದೆಯೇ? ಅಮೆರಿಕದ ಜಾರ್ಜಿಯಾದಲ್ಲಿ ಡೊನಾಲ್ಡ್ ರೂಬಿನ್ ಎಂಬ ವಿದ್ವಾಂಸರು 1992ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಅಚ್ಚ ಅಮೆರಿಕನ್ ಇಂಗ್ಲಿಷಿನ ಒಂದೇ ಧ್ವನಿಮುದ್ರಿಕೆಯನ್ನು ವಿದ್ಯಾರ್ಥಿಗಳ ಎರಡು ಗುಂಪಿಗೆ ಕೇಳಿಸಿದರು. ಒಂದು ಗುಂಪಿನೆದುರು ಬಿಳಿಯ ಹೆಂಗಸಿನ ಫೋಟೋ, ಇನ್ನೊಂದರೆದುರು ಏಷ್ಯಾದ ಹೆಂಗಸಿನ ಫೋಟೋ. ಎರಡನೆಯ ಗುಂಪಿನವರಿಗೆ ಇಲ್ಲದ ವಿದೇಶಿ ಧಾಟಿ ಕೇಳಿಸಿತು. ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಪಾಠವೂ ಅವರಿಗೆ ಕಡಿಮೆ ಅರ್ಥವಾಯಿತು. ಶಿಕಾಗೋದಲ್ಲಿ 2010ರಲ್ಲಿ ಇನ್ನೂ ಸೊಗಸಾದ ಪ್ರಯೋಗ ನಡೆಯಿತು. ಜಿರಾಫೆ ಒಂಟೆಗಿಂತ ಹೆಚ್ಚು ಕಾಲ ನೀರಿಲ್ಲದೆ ಇರಬಲ್ಲದು ಎಂಬಂಥ ವಾಕ್ಯಗಳನ್ನು ಬೇರೆಬೇರೆ ಧಾಟಿಯವರಿಂದ ಹೇಳಿಸಿ, ನಿಜವೋ ಸುಳ್ಳೋ ಎಂದು ಕೇಳಿದರು. ಹೇಳುವವರು ಬರೆದುಕೊಟ್ಟದ್ದನ್ನು ಓದುತ್ತಿದ್ದಾರೆ ಅಷ್ಟೇ ಎಂದು ಮೊದಲೇ ತಿಳಿಸಿದ್ದರೂ ವಿದೇಶಿ ಧಾಟಿಯಲ್ಲಿ ಬಂದ ವಾಕ್ಯಗಳ ಮೇಲೆ ಕೇಳುಗರಿಗೆ ನಂಬಿಕೆ ಕಡಿಮೆ. ನಾನು ಮೀಟಿಂಗಿನಲ್ಲಿ ಜಿರಾಫೆಯ ಮಾತೆತ್ತಿದವನಲ್ಲ. ಪ್ರಾಜೆಕ್ಟು ಮುಂದಿನ ತಿಂಗಳಿಗೆ ಮುಗಿಯುವುದಿಲ್ಲ ಎಂದಷ್ಟೇ ಹೇಳಿದ್ದೆ. ಅದನ್ನೂ ಯಾರೂ ನಂಬಲಿಲ್ಲ, ಅದು ಮುಗಿಯಲೂ ಇಲ್ಲ.

ಈ ವಿಷಯದಲ್ಲಿ ಕೆನಡಾದವರೇ ಆದ ಇಬ್ಬರು ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಮರ್ರೆ ಮನ್ರೊ ಮತ್ತು ಟ್ರೇಸಿ ಡರ್ವಿಂಗ್ 1995ರಲ್ಲಿ ತೋರಿಸಿದ್ದು ಇಷ್ಟು: ಧಾಟಿ ದಪ್ಪವಾಗಿರುವುದು ಬೇರೆ, ಅರ್ಥವಾಗದಿರುವುದು ಬೇರೆ. ‘ಅಬ್ಬಾ, ಎಂಥ ಭಾರೀ ಆಕ್ಸೆಂಟು’ ಎಂದು ಅಂಕ ಹಾಕಿದವರೇ ಆ ಮಾತನ್ನು ಒಂದಕ್ಷರ ತಪ್ಪದೆ ಬರೆದುಕೊಂಡಿದ್ದರು. ಆಮೇಲೆ ಡರ್ವಿಂಗ್ ಮತ್ತು ಜೊತೆಯವರು ಸಮಾಜಸೇವೆ ಓದುತ್ತಿದ್ದ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ವಿಯೆಟ್ನಾಮಿನವರ ಇಂಗ್ಲಿಷ್ ಹೇಗಿರುತ್ತದೆ, ಯಾವ ಧ್ವನಿ ಬಿಟ್ಟುಹೋಗುತ್ತದೆ, ಯಾಕೆ ಎಂದು ಕೇಳಿಸಿ ತಿಳಿಸಿದರು. ನಾಲಗೆಗಲ್ಲ, ಕಿವಿಗೆ ತರಬೇತಿ. ಅಂಥವರ ಜೊತೆ ಮಾತಾಡುವ ಧೈರ್ಯ ಆ ವಿದ್ಯಾರ್ಥಿಗಳಿಗೆ ಹೆಚ್ಚಿತು. ಎಷ್ಟು ಸರಳವಾದ ಸಂಗತಿ! ನಾವು ಐಇಎಲ್‌ಟಿಎಸ್ ಎಂಬ ಪರೀಕ್ಷೆಗೆ ದುಡ್ಡು ಕಟ್ಟಿ, ಮಾತಾಡಿ ತೋರಿಸಿ, ಅಂಕ ತಂದು, ಆಮೇಲಷ್ಟೇ ವಿಮಾನ ಹತ್ತಿದವರು. ಕೇಳುವವರಿಗೂ ಅರ್ಧ ದಿನದ ಒಂದು ಪರೀಕ್ಷೆ ಇಟ್ಟಿದ್ದರೆ ಏನು ಹೋಗುತ್ತಿತ್ತು? ಜಮೈಕಾದ್ದು ಒಂದು ತುಣುಕು, ಜಾಫ್ನಾದ್ದು ಒಂದು, ಜಗಳೂರಿನದು ಒಂದು. 2021ರ ಜನಗಣತಿಯಲ್ಲಿ ಟೊರಾಂಟೊ ಮಹಾನಗರ ಪ್ರದೇಶದ ಶೇಕಡಾ 46.6ರಷ್ಟು ಜನ ಹೊರದೇಶದಿಂದ ಬಂದು ನೆಲೆಸಿದವರು. ಹೆಚ್ಚುಕಡಿಮೆ ಅರ್ಧ ಊರು ತನ್ನ ನಾಲಗೆಯನ್ನು ತಿದ್ದಿಕೊಳ್ಳುವುದು ಸುಲಭವೋ, ಇನ್ನರ್ಧ ಕಿವಿ ಹಿಗ್ಗಿಸಿಕೊಳ್ಳುವುದು ಸುಲಭವೋ ನೀವೇ ಲೆಕ್ಕ ಹಾಕಿ.

ಕೆನಡಾದವರೂ ಒಂದು ಕಾಲಕ್ಕೆ ನಾಲಗೆ ತಿದ್ದಿಕೊಂಡವರೇ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇಲ್ಲಿನ ದೊಡ್ಡ ಮನೆತನದವರು ಇಂಗ್ಲೆಂಡಿನವರಂತೆ ತುಟಿ ಬಿಗಿಹಿಡಿದು ಮಾತಾಡುತ್ತಿದ್ದರು. ಆ ಧಾಟಿಗೆ ‘ಕೆನೇಡಿಯನ್ ಡೇಂಟಿ’ ಎಂದೇ ಹೆಸರು. ಟೊರಾಂಟೊದಲ್ಲೇ ಹುಟ್ಟಿ, 1952ರಲ್ಲಿ ಗವರ್ನರ್ ಜನರಲ್ ಆದ ವಿನ್ಸೆಂಟ್ ಮ್ಯಾಸಿ ಅದಕ್ಕೆ ಉದಾಹರಣೆ. ಅವರ ಅಜ್ಜ ಕಟ್ಟಿಸಿದ ಮ್ಯಾಸಿ ಹಾಲ್ ಈಗಲೂ ಪೇಟೆಯ ನಡುವೆ ಇದೆ, ಡೇಂಟಿ ಮಾತ್ರ ಯಾರ ಬಾಯಲ್ಲೂ ಇಲ್ಲ. ಈಗ ಯಾರಾದರೂ ಹಾಗೆ ಮಾತಾಡಿದರೆ ನಾಟಕದವನೇ ಎಂದು ಕೇಳಿಯಾರು. 1949ರಲ್ಲಿ ಕೆನಡಾ ಸೇರಿದ ನ್ಯೂಫೌಂಡ್‌ಲೆಂಡಿನವರು ಕೆಲಸ ಹುಡುಕಿ ಟೊರಾಂಟೊಗೆ ಬಂದಾಗ ಅವರ ಇಂಗ್ಲಿಷಿನ ಮೇಲೆ ಜೋಕುಗಳ ಸುರಿಮಳೆಯೇ ಆಯಿತು. ಬಿಳಿಯರೇ, ಇಂಗ್ಲಿಷಿನವರೇ, ಆದರೂ ತಪ್ಪಲಿಲ್ಲ. ಈಗ ನಮ್ಮ ಮಕ್ಕಳ ಸರದಿ. ಬ್ರಾಂಪ್ಟನ್, ಸ್ಕಾರ್ಬರೊ ಶಾಲೆಗಳಲ್ಲಿ ಜಮೈಕಾ, ಸೊಮಾಲಿಯಾ ಮೂಲದ ಗೆಳೆಯರ ನಡುವೆ ಬೆಳೆದ ಈ ಮಕ್ಕಳ ಇಂಗ್ಲಿಷೇ ಒಂದು ಹೊಸ ಬಗೆ. ವಿಶ್ವವಿದ್ಯಾಲಯದ ಭಾಷಾವಿಜ್ಞಾನಿಗಳು ಅದನ್ನು ಗೌರವದಿಂದ ಅಧ್ಯಯನ ಮಾಡುತ್ತಿದ್ದಾರೆ. ನಾವು ತಂದೆತಾಯಿಗಳು ಮಾತ್ರ, ‘ಇಂಟರ್ವ್ಯೂನಲ್ಲಿ ಹೀಗೆಲ್ಲ ಮಾತಾಡಬೇಡ ಕಣೋ’ ಎಂದು ಗದರುತ್ತೇವೆ, ನಮ್ಮ ವೆಜಿಟೇಬಲ್ ಇಂಗ್ಲಿಷಿನಲ್ಲಿ.

ಗದರುವುದು ನಮಗೆ ಹೊಸದಲ್ಲ. ಊರಲ್ಲಿದ್ದಾಗ ನಾವು ಮಾಡಿದ್ದೇನು? ‘ಹಾಲು’ ಅನ್ನಲು ಬಾರದೆ ‘ಆಲು’ ಅಂದ ಹುಡುಗನನ್ನು ತರಗತಿಯಲ್ಲಿ ನಿಲ್ಲಿಸಿ ಹತ್ತು ಸಲ ಹೇಳಿಸಿ ನಕ್ಕವರು ನಮ್ಮ ಮೇಷ್ಟ್ರು, ಜೊತೆಗೆ ನಕ್ಕವರು ನಾವು. ಆ ನಗುವಿನಲ್ಲಿ ಹಕಾರ ಎಷ್ಟಿತ್ತೋ ಜಾತಿಯೂ ಅಷ್ಟೇ ಇತ್ತು. ಮಂಗಳೂರಿನವರು ಫೋನಿನಲ್ಲಿ ಮಾತಾಡಿದರೆ ಪುಸ್ತಕ ಓದುತ್ತಿದ್ದೀರಾ ಎಂದು ಕೇಳುತ್ತೇವೆ, ಕುಂದಾಪುರದವರಿಗೆ ‘ಹೋಯ್ಕ್ ಬರ್ಕ್’ ಎಂದು ರೇಗಿಸುತ್ತೇವೆ. ಸಿನಿಮಾದಲ್ಲಿ ನಗಿಸುವ ಪಾತ್ರ ಬೇಕೆಂದರೆ ಧಾರವಾಡ ಕಡೆಯ ಮಾತು ಕೊಟ್ಟುಬಿಟ್ಟರೆ ಆಯಿತು, ಬೇರೆ ಹಾಸ್ಯ ಬರೆಯುವ ತೊಂದರೆಯೇ ಇಲ್ಲ. ತಮಾಷೆ ನೋಡಿ: ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಇರುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಎಂದಿತ್ತು. ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಸೀಮೆ. ಆಗ ರಾಷ್ಟ್ರಕೂಟರು ಆಳುತ್ತಿದ್ದರು, ರಾಜಧಾನಿ ಮಾನ್ಯಖೇಟ. ಗದ್ದುಗೆ ದಕ್ಷಿಣಕ್ಕೆ ಬಂದಮೇಲೆ ಶುದ್ಧ ಕನ್ನಡವೂ ಗಂಟುಮೂಟೆ ಕಟ್ಟಿಕೊಂಡು ಮೈಸೂರಿಗೆ ಬಂತು. ಕನ್ನಡಗಳು ಊರೂರಿಗೆ ಬೇರೆ, ಅವುಗಳ ದೋಷ ಎಣಿಸುತ್ತ ಹೋದರೆ ವಾಸುಕಿಗೂ ಬೇಸರ ಬಂದೀತು ಎಂದೂ ಅದೇ ಗ್ರಂಥ ಹೇಳುತ್ತದೆ. ವಾಸುಕಿಗೆ ಬಂದ ಬೇಸರ ನಮಗೆ ಇನ್ನೂ ಬಂದಿಲ್ಲ.

ಕಿವಿ ಹಿಗ್ಗಿದ ಉದಾಹರಣೆಯೂ ನಮ್ಮಲ್ಲಿದೆ. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ ಓದಿಕೊಂಡವರೇ ತಿಣುಕಾಡಿದರು. ನಂಜನಗೂಡು ಸೀಮೆಯ ಆಡುಮಾತು. ಬರಹಗಾರ ಒಂದು ಹೆಜ್ಜೆ ಈಚೆ ಬರಲಿಲ್ಲ. ಓದುಗರೇ ಆಚೆ ಹೋದರು, ಗಟ್ಟಿಯಾಗಿ ಓದಿಕೊಂಡರು, ನಾಲ್ಕಾರು ಪುಟದಲ್ಲಿ ಕಿವಿ ಹೊಂದಿಕೊಂಡಿತು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಕಮ್ಯುನಿಕೇಶನ್ ಸುಧಾರಿಸಿ ಎಂದು ಯಾರೂ ಬರೆದು ಕಳಿಸಲಿಲ್ಲ.

ನನಗೆ ಗೊತ್ತಿರುವ ಆಫೀಸೊಂದರ ಮ್ಯಾನೇಜರು ಗ್ಲಾಸ್ಗೋದವರು. ಅವರ ಇಂಗ್ಲಿಷು ಕೆನಡಾದವರಿಗೂ ಅರ್ಥವಾಗುವುದಿಲ್ಲ, ಆದರೆ ಅದನ್ನು ಎಲ್ಲರೂ ‘ಎಷ್ಟು ಚಂದ’ ಅನ್ನುತ್ತಾರೆ. ಕ್ಲಾಸಿಗೆ ಹೋಗಿ ಎಂದು ಅವರಿಗೆ ಯಾರೂ ಹೇಳಿದ ಹಾಗಿಲ್ಲ. ಇದು ಅವರಿಗೇ ಹೊಳೆದಿದ್ದು ವಿಶೇಷ. ಸಂದರ್ಶನ ಮುಗಿಸಿ ಬಂದವರು ‘ಕಮ್ಯುನಿಕೇಶನ್ ಸಾಲದು’ ಎಂದು ಬರೆದರೆ ಅವರು ಕೇಳುವುದು ಒಂದೇ ಪ್ರಶ್ನೆ: ‘ಯಾವ ವಾಕ್ಯ ಅರ್ಥವಾಗಲಿಲ್ಲ?’ ವಾಕ್ಯ ನೆನಪಿದ್ದರೆ ಸರಿ, ಚರ್ಚೆ. ಬಹಳಷ್ಟು ಸಲ ನೆನಪಿರುವುದಿಲ್ಲ. ಅರ್ಥ ಎಲ್ಲ ಆಗಿತ್ತು, ಕೇಳುವಾಗ ಸ್ವಲ್ಪ ದಣಿವಾಗಿತ್ತು ಅಷ್ಟೇ. ಎಲ್ಲರಿಗೂ ಒಂದೇ ಪ್ರಶ್ನೆಗಳು, ಒಬ್ಬೊಬ್ಬರೂ ಮೊದಲು ಬೇರೆಬೇರೆ ಕೂತು ಅಂಕ ಹಾಕಬೇಕು, ಆಮೇಲೆ ಹರಟೆ. ಮೀಟಿಂಗಿಗೆ ಏನು ಚರ್ಚೆ ಎಂಬುದು ಹಿಂದಿನ ದಿನವೇ ಕೈಸೇರಿರುತ್ತದೆ. ‘ಸಾರಿ?’ ಅನ್ನುವವರು ಬರೀ ಸಾರಿ ಅನ್ನುವಂತಿಲ್ಲ, ಎಲ್ಲಿಯವರೆಗೆ ಕೇಳಿಸಿತು ಎಂದು ಹೇಳಿ ಮುಂದಿನದನ್ನು ಕೇಳಬೇಕು. ‘ಶುಕ್ರವಾರಕ್ಕೆ ಅಂದ್ರಿ, ಆಮೇಲೆ?’ ಇಷ್ಟೇ. ಆದರೆ ಆ ‘ಆಮೇಲೆ’ಯಿಂದ ಮಾತು ಅರ್ಧಕ್ಕೆ ಸಾಯುವುದು ನಿಂತಿದೆ ಎಂದು ಅಲ್ಲಿ ಕೆಲಸ ಮಾಡುವ ಹಾಸನದ ಹುಡುಗಿ ಹೇಳುತ್ತಾಳೆ. ನಾವೂ ಸ್ವಲ್ಪ ನಿಧಾನ ಮಾಡಿದರೆ ಒಳ್ಳೆಯದೇ. ನಮ್ಮ ವೇಗ ನೋಡಿದರೆ ಬಿಎಂಟಿಸಿ ಬಸ್ಸು ಈಗಲೇ ಹೊರಟುಬಿಡುತ್ತದೆ ಅನ್ನುವ ಹಾಗಿರುತ್ತದೆ.

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಕಡೆಯ ಒಂದು ಕನ್ನಡ ಬಳಗದವರು ಇಮ್ಮಡಿ ಪುಲಕೇಶಿಯ ನಾಟಕ ಆಡಿಸಲು ಹೊರಟರು. ಮಿಸಿಸಾಗಾದ ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ತಾಲೀಮು. ಪುಲಕೇಶಿಯ ಪಾತ್ರ ಮೈಸೂರಿನವರೊಬ್ಬರಿಗೆ, ‘ಅವರ ಕನ್ನಡ ಶುದ್ಧ’ ಎಂಬ ಕಾರಣಕ್ಕೆ. ಬಾಗಲಕೋಟೆಯ ಎಂಜಿನಿಯರರಿಗೆ ದ್ವಾರಪಾಲಕನ ಪಾತ್ರ. ನಡುನಡುವೆ ಬಂದು ನಗಿಸಬೇಕು. ಆಫೀಸಿನಲ್ಲಿ ದಿನವಿಡೀ ಸಾರಿ ಕೇಳಿಸಿಕೊಂಡು ಬಂದಿದ್ದ ಅವರು ಈಟಿಯನ್ನು ವಾಷಿಂಗ್ ಮಷೀನಿಗೆ ಒರಗಿಸಿದರು.

‘ಅಲ್ರೀ ಸರ, ಪುಲಕೇಶಿ ನಮ್ಮ ಬಾದಾಮ್ಯಾಂವ. ಅಂವಾ ಮೈಸೂರ ಕನ್ನಡ ಎಲ್ಲಿ ಕಲ್ತಿದ್ದ?’

ನಿರ್ದೇಶಕರು ತಡವರಿಸಿದರು. ಏಳನೆಯ ಶತಮಾನದ ಕನ್ನಡ ಇವರಿಬ್ಬರಿಗೂ ಅರ್ಥವಾಗುತ್ತಿರಲಿಲ್ಲ ಎಂದು ನನಗನ್ನಿಸಿತು, ಹೇಳಲಿಲ್ಲ.

‘ಹಾಗಲ್ಲ, ನೀವು ಡೈಲಾಗ್ ಹೇಳಿದ್ರೆ ಜನ ನಗ್ತಾರಲ್ಲ?’

‘ನಗವಲ್ರ್ಯಾಕ. ಮೊದಲನೇ ಸೀನ್‌ನಾಗ ನಗ್ತಾರ. ಎರಡನೇದ್ರಾಗ ಸುಮ್ನ ಕುಂತು ಕೇಳ್ತಾರ, ನೋಡಾಕತ್ತಿರ್ರಿ.’

ಚಹಾ ಬಂತು, ಚೂಡಾ ಬಂತು, ಸಂಧಾನವಾಯಿತು. ಬಾಗಲಕೋಟೆಯವರು ಪುಲಕೇಶಿಯಾದರು. ಮೈಸೂರಿನವರಿಗೆ ಬೇಸರವಾಗಬಾರದೆಂದು ಹರ್ಷವರ್ಧನನ ಪಾತ್ರ ಕೊಟ್ಟರು; ಅವನು ಹೇಗೂ ಉತ್ತರದವನು, ಅವನ ಕನ್ನಡ ಹೇಗಿದ್ದರೂ ನಡೆಯುತ್ತದೆ.